ದುರುಗಮ್ಮನ ಕಥೆಗೆ ಹೂಂ

ಪದ್ಮರಾಜಯ್ಯ ಟಿ.ವಿ. ವಾಹಿನಿಯೊಂದರಲ್ಲಿ ಸಾಕ್ಷ್ಯಚಿತ್ರ ಮಾಡುತ್ತಲೇ ತಲೆ ನರೆಸಿಕೊಂಡವರು. ಮಾತಿಗೆ ಬಲು ಜಿಪುಣರು. ಅವರ ಕೈಕೆಳಗೆ ಕೆಲಸ ಕಲಿಯಲು ಬಂದ ಇಂಟರ್ನ್ ವಿನುತಾ.

ತರಬೇತಿ ಮುಗಿಯುವುದರೊಳಗೆ ಅವಳು ಒಂದು ಚಿತ್ರ ಮಾಡಿ ತೋರಿಸಬೇಕು. ಅವರು ಒಪ್ಪಿದರೆ ಅವರ ತಂಡದಲ್ಲೇ ಜಾಗ. ಇಲ್ಲವಾದರೆ ಸುದ್ದಿ ವಿಭಾಗದಲ್ಲಿ ಕೂತು ಬ್ರೇಕಿಂಗ್ ನ್ಯೂಸ್ ಟೈಪು ಮಾಡುವ ಕರ್ಮ. ಅದೊಂದು ಬೇಡವೆಂದು ವಿನುತಾ ಹಟ ತೊಟ್ಟಿದ್ದಳು.

ತುಂಗಭದ್ರೆಯ ದಂಡೆಯಲ್ಲಿ ಹರಿಗೋಲು ನಡೆಸುತ್ತಲೇ ಮುದುಕಿಯಾದ ದುರುಗಮ್ಮನನ್ನು ಹುಡುಕಿದಳು. ಕ್ಯಾಮೆರಾ ಇಟ್ಟಳು, ಕಥೆ ಕೇಳಿದಳು, ಖುಷಿಯಾಗಿ ಹಿಂತಿರುಗಿದಳು.

ಪದ್ಮರಾಜಯ್ಯ ನೋಡಿದರು. ಮುದುಕಿ ಒಂದು ಮಾತಾಡಿದರೆ ಸಾಕು, ಹಿಂದೆಯೇ ವಿನುತಾಳ ದನಿ, ‘ಹೂಂ.’ ಇನ್ನೊಂದು ಮಾತಿಗೆ ‘ಹೂಂ ಹೂಂ.’

“ಚಿತ್ರ ಯಾರದು?” ಎಂದರು.

“ದುರುಗಮ್ಮನದು, ಸರ್.”

“ಮತ್ತೆ ನೀನ್ಯಾಕೆ ಇಷ್ಟು ಮಾತಾಡ್ತಿದ್ದೀಯ?”

“ಚಿಕ್ಕಂದಿನ ಅಭ್ಯಾಸ ಸರ್. ಹೂಂ ಅನ್ನದಿದ್ರೆ ನಮ್ಮಜ್ಜಿ ಕಥೆ ನಿಲ್ಲಿಸಿಬಿಡ್ತಿದ್ರು.”

“ಮೈಕಿಗೆ ನಿಮ್ಮಜ್ಜಿ ಗೊತ್ತಿಲ್ಲ. ಮತ್ತೆ ಹೋಗು.”

ಹೋದಳು. ಈ ಸಲ ತುಟಿ ಬಿಗಿಹಿಡಿದು ಕೂತಳು. ದುರುಗಮ್ಮ ಪ್ರವಾಹದ ಸುದ್ದಿ ತೆಗೆದವಳು ಅರ್ಧಕ್ಕೇ ನಿಲ್ಲಿಸಿದಳು.

“ಕೇಳಾಕತ್ತೀಯೋ ಇಲ್ಲೋ, ತಂಗಿ?”

ವಿನುತಾ ತಲೆಯಾಡಿಸಿದಳು.

“ನನಗ ಕಣ್ಣು ಮಂಜು. ನೀ ತಲಿ ಅಲ್ಲಾಡಿಸಿದ್ರ ಕಾಣಂಗಿಲ್ಲ. ಹೂಂ ಅನ್ನೋರಿಲ್ದ ಯಾರಿಗೆ ಹೇಳ್ಲಿ, ಗ್ವಾಡಿಗಾ?”

ಮುದುಕಿ ಎದ್ದು ಒಳಗೆ ಹೋದಳು. ವಿನುತಾ ಬರಿಗೈಯಲ್ಲಿ ವಾಪಸಾದಳು.

“ಹೂಂ ಅಂದ್ರೆ ನೀವು ಒಪ್ಪಲ್ಲ, ಅನ್ನದಿದ್ರೆ ‘ಕೇಳಾಕತ್ತೀಯೋ ಇಲ್ಲೋ’ ಅಂತ ಅವರು ಎದ್ದು ಹೋಗ್ತಾರೆ. ನಾನೇನು ಮಾಡಲಿ ಸರ್?” ಅವಳಿಗೆ ಅಳುವೇ ಬಂದಿತ್ತು.

ಪದ್ಮರಾಜಯ್ಯ ಕನ್ನಡಕ ಒರೆಸಿಕೊಂಡರು. “ಇನ್ನೂ ನೀನು ನಿನ್ನ ಬಾಯಿ ಕಾಯ್ತಿದ್ದೀಯ” ಎಂದಷ್ಟೇ ಹೇಳಿ ಊಟಕ್ಕೆ ಹೊರಟುಬಿಟ್ಟರು.

ಹೀಗೂ ಒಬ್ಬ ಗುರು ಇರುತ್ತಾರೆಯೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಅಷ್ಟಕ್ಕೆ ಬಿಡುವ ಹುಡುಗಿಯಲ್ಲ. ಮರುದಿನ ಮತ್ತೆ ಬಸ್ಸು ಹತ್ತಿದಳು. ಆದದ್ದಾಗಲಿ ಎಂದು ಬಾಯಿಯ ಗೊಡವೆಯನ್ನೇ ಬಿಟ್ಟಳು. ಮನಸಾರೆ ಹೂಂಗುಟ್ಟುತ್ತ ಕೂತಳು. ದುರುಗಮ್ಮ ಕೂತಲ್ಲಿಂದ ಏಳದೆ ಹೇಳಿದಳು.

ಎಡಿಟಿಂಗ್ ಕೋಣೆಯಲ್ಲಿ ವಿನುತಾ ಮೊದಲೇ ಹೇಳಿಬಿಟ್ಟಳು: “ಹೂಂ ಇದೆ ಸರ್. ಬೇಕಿದ್ರೆ ನ್ಯೂಸ್‌ಗೆ ಕಳಿಸಿ. ಪೂರ್ತಿ ನೋಡದೆ ಮಾತ್ರ ಕಳಿಸಬೇಡಿ.”

ಅವರು ನೋಡತೊಡಗಿದರು. ಪರದೆಯ ಮೇಲೆ ದುರುಗಮ್ಮ ಪ್ರವಾಹದ ಕಥೆ ಹೇಳುತ್ತಿದ್ದಳು.

“ದಿಬ್ಬದ ಮ್ಯಾಲ ಅವ್ವನೂ ಇದ್ಲು, ಊರ ಹುಡುಗ್ರೂ ಇದ್ರು. ಹರಿಗೋಲಿನ್ಯಾಗ ಎಲ್ಲಾರಿಗೂ ಜಾಗ ಇರಲಿಲ್ಲ. ಅವ್ವ ನನ್ನ ಕರೀಲಿಲ್ಲ. ಹುಡುಗ್ರನ್ನ ದಾಟಿಸು ಅಂತ ಕೈ ಮಾಡಿದ್ಲು. ದಾಟಿಸಿ ತಿರುಗಿ ನೋಡ್ತೀನಿ, ದಿಬ್ಬಾನ ಇರಲಿಲ್ಲ.”

ಹೊಳೆಯ ಸದ್ದಷ್ಟೇ ಕೇಳಿಸಿತು. ಬಹಳ ಹೊತ್ತಿನ ಮೇಲೆ ಮುದುಕಿ ತಾನಾಗಿಯೇ ಅಂದಳು: “ಇವತ್ತಿಗೂ ಹುಟ್ಟು ಹಿಡಿದ್ರ ಕೈ ಆ ಕಡೀಗೇ ತಿರಗತದ. ಇದನ್ನ ಯಾರ ಮುಂದೂ ಅಂದಿಲ್ಲ.”

ಪದ್ಮರಾಜಯ್ಯ ಅಲ್ಲಿಗೆ ನಿಲ್ಲಿಸಿದರು.

“ಇಲ್ಲಿ ನಿನ್ನ ಹೂಂ ಎಲ್ಲಿ?”

ವಿನುತಾ ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ದಿಬ್ಬದ ಮಾತು ಬಂದಲ್ಲಿಂದ ಅವಳ ದನಿಯೇ ಇರಲಿಲ್ಲ.

“ಅನ್ನೋದೇ ಮರೆತುಹೋಗಿದೆ, ಸರ್.”

“ಕೇಳಾಕತ್ತೀಯೋ ಇಲ್ಲೋ ಅಂತ ದುರುಗಮ್ಮ ಕೇಳಲಿಲ್ವಾ?”

“ಇಲ್ಲ ಸರ್. ಕೇಳಲೇ ಇಲ್ಲ.”

ಪದ್ಮರಾಜಯ್ಯ ಎದ್ದು ನಿಂತು ತಮ್ಮ ಕುರ್ಚಿಯನ್ನು ಅವಳ ಕಡೆಗೆ ಸರಿಸಿದರು.

“ದಿಬ್ಬದ ಮಾತಿಗೆ ಮುಂಚಿನದೆಲ್ಲ ತೆಗೆದುಹಾಕು. ಚಿತ್ರ ಅಲ್ಲಿಂದ ಶುರು.”