ಕೂಸು ಸುತ್ತುವ ಬಟ್ಟೆ

"ಬುದ್ಧಿ, ಈ ಹಳೇ ಕಾವಿಯನ್ನು ಇನ್ನೂ ಎಷ್ಟು ವರ್ಷ ಉಡುತ್ತೀರಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಪಂಚಾಕ್ಷರಿ. ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಓದಿನಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು. ಪೇಟೆಯಲ್ಲಿ ಒಂದು ಚಿಕ್ಕ ಮಠ ಸ್ವಾಮಿಗಳಿಲ್ಲದೆ ಖಾಲಿ ಬಿದ್ದಿತ್ತು. ಮಕ್ಕಳನ್ನು ಕಳೆದುಕೊಂಡವರು, ಮನೆಯಲ್ಲಿ ಮುನಿಸಿಕೊಂಡು ಬಂದವರು, ದಿಕ್ಕು ತೋಚದವರು ಅಲ್ಲಿ ಬಂದು ಕೂರುತ್ತಿದ್ದರು. ಅವರಿಗೆ ನಾಲ್ಕು ಸಮಾಧಾನದ ಮಾತು ಹೇಳುವವರು ಬೇಕಾಗಿತ್ತು. ಪೇಟೆಯ ಭಕ್ತರು ಪಂಚಾಕ್ಷರಿಯನ್ನು ಕರೆದಿದ್ದರು. ಅವನಿಗಂತೂ ಹೋಗಲು ತವಕ. ಎಂಥ ದುಃಖ ಹೊತ್ತು ಬಂದವರಿಗೂ ಕೊಡುವ ಉತ್ತರ ತನ್ನ ನಾಲಗೆಯ ತುದಿಯಲ್ಲಿದೆ ಎಂದು ನಂಬಿದ್ದ. ಗುರುಗಳು ಅಪ್ಪಣೆ ಕೊಟ್ಟರೆ ನಾಳೆಯೇ ಹೊರಡುವವನು. ಕೊಡುತ್ತಾರೋ ಇಲ್ಲವೋ ಎಂಬ ಅಳುಕು ಮಾತ್ರ ಒಳಗೊಳಗೇ ಇತ್ತು.

"ಭಕ್ತರು ತಂದುಕೊಟ್ಟ ಹೊಸ ವಸ್ತ್ರ ಪೆಟ್ಟಿಗೆ ತುಂಬ ಇದೆ," ಎಂದು ಅವನು ಮುಂದುವರಿಸಿದ. "ನಾಳೆ ಪೇಟೆಯವರು ಬರುತ್ತಾರೆ. ಅವರ ಮುಂದೆ ಈ ತೇಪೆ ಹಾಕಿದ್ದನ್ನು ಉಟ್ಟು ಕೂತರೆ ಚೆನ್ನಾಗಿರುವುದಿಲ್ಲ. ಅಲ್ಲದೆ, ಹಳೆಯದನ್ನು ಬಿಡಲಾರದೆ ಇಟ್ಟುಕೊಳ್ಳುವುದೂ ಒಂದು ಮೋಹವೇ ಅಲ್ಲವೇ?"

ಗುರುಗಳು ಆಗ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದರು. ಸೂಜಿಯನ್ನು ಅವನ ಕೈಗೇ ಕೊಟ್ಟರು.

"ಮೊದಲು ಇದನ್ನು ಪೋಣಿಸಿಕೊಡಪ್ಪ. ನನ್ನ ಮೋಹವನ್ನು ಆಮೇಲೆ ಬಿಡಿಸುವೆಯಂತೆ. ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ಅದು ನಿನಗೆ ಕಷ್ಟ, ನನಗೆ ಗೊತ್ತು."

ಹೀಗೆಂದು ಅವರು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆಯ ವರ್ತಕನಿದ್ದ. ಅಂಗಡಿ ಅವನ ಅಪ್ಪನ ಕಾಲದ್ದು. ಅಪ್ಪ ಗಿರಾಕಿಯ ಕೈಗೆ ಸೀರೆ ಕೊಡುವಾಗ, "ತೊಗೊಳ್ಳಮ್ಮ, ಬಾಳಿಕೆ ಬರುತ್ತದೆ" ಎಂದು ಹೇಳಿ ಕೊಡುತ್ತಿದ್ದ. ಮಗನಿಗೆ ಆ ಮಾತು ಹಿಡಿಸಲಿಲ್ಲ. ಬಾಳಿಕೆ ಬಂದರೆ ಆ ತಾಯಿ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುವುದು ಯಾವಾಗ? ಅಪ್ಪ ಕಣ್ಣು ಮುಚ್ಚಿದ ಮೇಲೆ ಅವನು ಬೇರೆ ಮಾತು ಹಿಡಿದ. "ಹಳೆಯದು ಮೈಮೇಲಿದ್ದರೆ ದರಿದ್ರ ಬೆನ್ನು ಬಿಡುವುದಿಲ್ಲ. ಬಿಸಾಡಿ, ಹೊಸದು ಉಡಿ, ಮನೆಗೆ ಕಳೆ ಬರುತ್ತದೆ" ಎನ್ನುತ್ತಿದ್ದ.

ಅವನು ಮೋಸಗಾರ ಎಂದುಕೊಳ್ಳಬೇಡ. ಹೇಳಿದ್ದನ್ನು ತಾನೂ ನಂಬಿದ್ದ, ನಂಬಿದಂತೆ ನಡೆದೂ ಇದ್ದ. ಬೀದಿಯಲ್ಲಿ ಕೂಗಿಕೊಂಡು ಬಂದು, ಹಳೇ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಟ್ಟು ಹೋಗುತ್ತಾನಲ್ಲ, ಆ ಪಾತ್ರೆಯವನಿಗೆ ದೀಪಾವಳಿ ಬಂತೆಂದರೆ ಈ ಮನೆಯಿಂದ ದೊಡ್ಡ ಗಂಟು ಸಿಗುತ್ತಿತ್ತು. ಹೆಂಡತಿ ಒಂದೆರಡು ಸೀರೆ ಎತ್ತಿಡಲು ಹೋದರೆ, "ಬಟ್ಟೆ ವರ್ತಕನ ಹೆಂಡತಿಗೆ ಬಟ್ಟೆಯ ಬರವೇ?" ಎಂದು ರೇಗಿಸುತ್ತಿದ್ದ. ಅವಳೂ ನಕ್ಕು ಗಂಟಿಗೆ ಸೇರಿಸುತ್ತಿದ್ದಳು. 'ನನಗೆ ಯಾವುದರ ಮೇಲೂ ಅಂಟಿಲ್ಲ, ಬಳಸಿದೆ, ಬಿಟ್ಟೆ' ಎಂದು ಅವನಿಗೆ ತನ್ನ ಮೇಲೆ ತನಗೇ ಮೆಚ್ಚುಗೆ. ನಿನ್ನ ಹಾಗೆ ಅದಕ್ಕೆ ವೈರಾಗ್ಯ ಎಂದು ಹೆಸರಿಡುವಷ್ಟು ಓದಿರಲಿಲ್ಲ, ಅಷ್ಟೇ.

ಬೀದಿಯವರಿಗೂ ಈ ಚಾಳಿ ಹತ್ತಿತು. ಸಾಹುಕಾರನ ಮನೆಯಲ್ಲೇ ಇಟ್ಟುಕೊಳ್ಳುವುದಿಲ್ಲ, ನಾವು ಇಟ್ಟುಕೊಂಡು ಏನು ಮಾಡೋಣ ಎಂದು ಎಲ್ಲರೂ ಗಂಟು ಕಟ್ಟತೊಡಗಿದರು. ಅಂಗಡಿಗೆ ಒಳ್ಳೆಯ ವ್ಯಾಪಾರ, ಪಾತ್ರೆಯವನಿಗೂ ಒಳ್ಳೆಯ ಸುಗ್ಗಿ.

ಇಡೀ ಊರಿನಲ್ಲಿ ಅವನ ಮಾತಿಗೆ ಬಗ್ಗದವಳು ಒಬ್ಬಳೇ. ಬುಟ್ಟಿ ಹೊತ್ತು ಸೊಪ್ಪು ಮಾರುವ ಮುದುಕಿ. ಅವಳಿಗೆ ಇದ್ದದ್ದು ಎರಡು ಸೀರೆ. ಒಂದು ಮೈಮೇಲೆ, ಇನ್ನೊಂದು ಬೇಲಿಯ ಮೇಲೆ. ಎರಡೂ ಅವನ ಅಪ್ಪನ ಕೈಯಲ್ಲಿ ಕೊಂಡವು. ಯಾವ ಬಣ್ಣದವು ಎಂದು ಕೇಳಿದರೆ ಅವಳಿಗೂ ನೆನಪಿರಲಿಲ್ಲ. ಹರಿದಲ್ಲಿ ಹೊಲಿಯುತ್ತಿದ್ದಳು, ಹೊಲಿದದ್ದು ಹರಿದರೆ ಮೇಲೊಂದು ತೇಪೆ ಹಾಕುತ್ತಿದ್ದಳು.

ಒಮ್ಮೆ ಹಬ್ಬದ ಹಿಂದಿನ ದಿನ, ಅಂಗಡಿ ತುಂಬ ಗಿರಾಕಿಗಳಿರುವಾಗ ಅವಳು ಮುಂದೆ ಹಾದು ಹೋದಳು. ವರ್ತಕ ಎಲ್ಲರಿಗೂ ಕೇಳಿಸುವಂತೆ ಕೂಗಿದ.

"ಏನಜ್ಜಿ, ಆ ಸೀರೆಗೆ ಈ ವರ್ಷವಾದರೂ ಮುಕ್ತಿ ಉಂಟೋ? ನಿನ್ನಂಥವರು ಇನ್ನು ನಾಲ್ಕು ಜನ ಇದ್ದರೆ ನಾನು ಅಂಗಡಿಗೆ ಬೀಗ ಜಡಿಯಬೇಕು!"

ಗಿರಾಕಿಗಳು ನಕ್ಕರು. ಮುದುಕಿಯೂ ನಕ್ಕಳು.

"ನಿಮ್ಮಪ್ಪ ಬಾಳಿಕೆ ಬರುತ್ತದೆ ಅಂದಿದ್ದ ಕಣಪ್ಪ. ನಾನು ಬಿಸಾಡಿ ಅವನ ಮಾತನ್ನು ಸುಳ್ಳು ಮಾಡಲೇ?" ಎಂದು ಹೇಳಿ ಬುಟ್ಟಿ ಸರಿಮಾಡಿಕೊಂಡು ನಡೆದಳು. ವರ್ತಕನಿಗೆ ಇದೆಂಥ ಜಿಪುಣ ಮುದುಕಿ ಎನ್ನಿಸಿತು. ಎರಡು ಚಿಂದಿಗೆ ಇಷ್ಟು ಜೋತುಬಿದ್ದವಳು ನಾಳೆ ಪ್ರಾಣವನ್ನಾದರೂ ಹೇಗೆ ಬಿಡುತ್ತಾಳೋ ಎಂದುಕೊಂಡ.

ಇಷ್ಟೆಲ್ಲ ಇದ್ದ ಆ ಮನೆಯಲ್ಲಿ ಇಲ್ಲದ್ದು ಮಗು. ಎರಡು ಸಲ ಹೆತ್ತರೂ ಹೆಂಡತಿಯ ಮಡಿಲು ಬರಿದಾಗಿಯೇ ಉಳಿದಿತ್ತು. ಮೂರನೆಯ ಸಲ ಬಸುರಾದಾಗ ಗಂಡ ಹೆಂಡತಿ ಇಬ್ಬರೂ ಬಾಯಿಬಿಟ್ಟು ಸಂತೋಷಪಡಲಿಲ್ಲ. ಸಂತೋಷಪಟ್ಟರೆ ಎಲ್ಲಿ ದೃಷ್ಟಿ ತಾಗುತ್ತದೋ ಎಂದು ಹೆದರಿ ಸುಮ್ಮನಿದ್ದರು.

ದಿನ ತುಂಬುವ ಮೊದಲೇ, ಪುಷ್ಯದ ಕೊರೆಯುವ ಚಳಿಯಲ್ಲಿ, ಒಂದು ಬೆಳಗ್ಗೆ ಅವಳಿಗೆ ಹೆರಿಗೆಯಾಯಿತು. ಕೂಸು ಅತ್ತದ್ದು ಕೇಳಿ ವರ್ತಕ ಜಗಲಿಯ ಕಂಬ ಹಿಡಿದುಕೊಂಡು ಕೂತುಬಿಟ್ಟ. ಸೂಲಗಿತ್ತಿ ಬಾಗಿಲಿಗೆ ಬಂದಳು.

"ಹೆಣ್ಣು ಕೂಸು ಯಜಮಾನರೇ. ತೀರ ಸಣ್ಣದು, ಚರ್ಮ ಇನ್ನೂ ಬಲಿತಿಲ್ಲ. ಬೆಚ್ಚಗೆ ಸುತ್ತಿದರೆ ಉಳಿಯುತ್ತದೆ. ಒಂದು ಹಳೇ ಸೀರೆ ಕೊಡಿ. ತೊಳೆದು ತೊಳೆದು ಮೆತ್ತಗಾದದ್ದು, ಬಾಳಿದವರು ಉಟ್ಟದ್ದು. ನನ್ನದು ಹೆರಿಗೆಯಲ್ಲಿ ತೊಯ್ದುಹೋಗಿದೆ. ಬೇಗ!"

ಅವನು ಒಳಗೆ ಓಡಿದ. ಪೆಟ್ಟಿಗೆ ತೆರೆದ. ಎಲ್ಲ ಹೊಸದು. ಇನ್ನೊಂದು ಪೆಟ್ಟಿಗೆ ತೆರೆದ. ಅದರಲ್ಲೂ ಹೊಸದೇ. ಅಡುಗೆಮನೆಯ ಗೂಡಿನ ತುಂಬ ಥಳಥಳ ಹೊಳೆಯುವ ಪಾತ್ರೆ. 'ಹಳೆಯದೇ ಯಾಕೆ, ನನ್ನ ಮಗಳಿಗೆ ಒಳ್ಳೆಯದೇ ಇರಲಿ' ಎಂದು ಅಂಗಡಿಗೆ ಓಡಿ, ಇದ್ದುದರಲ್ಲೇ ನಯವಾದ ಮಲ್ಲು ಬಟ್ಟೆಯ ಇಡೀ ಥಾನನ್ನು ಹೆಗಲ ಮೇಲೆ ಹೊತ್ತು ತಂದ.

ಸೂಲಗಿತ್ತಿ ಅದನ್ನು ತನ್ನ ಕೆನ್ನೆಗೆ ಒತ್ತಿ ನೋಡಿದಳು. ಬೇರೆ ದಾರಿಯಿಲ್ಲದೆ ಕೂಸಿಗೆ ಸುತ್ತಿದಳು. ಬಟ್ಟೆಯ ಗಂಜಿ ಗರಗರ ಎನ್ನುತ್ತಿತ್ತು. ಕೂಸು ಚೀರಿತು. ಬಿಚ್ಚಿ ನೋಡಿದರೆ ಬೆನ್ನೆಲ್ಲ ಕೆಂಪಗೆ ಕಂದಿತ್ತು.

"ಇದು ಆಗುವುದಿಲ್ಲ. ಅತ್ತು ಅತ್ತು ಸುಸ್ತಾದರೆ ಹಾಲು ಎಳೆಯುವ ಶಕ್ತಿ ಉಳಿಯುವುದಿಲ್ಲ ಯಜಮಾನರೇ."

'ಗಂಜಿ ತಾನೇ, ತೊಳೆದರೆ ಹೋಗುತ್ತದೆ' ಎಂದು ಅವನು ಹಿತ್ತಲಿಗೆ ಓಡಿದ. ಹುಟ್ಟಿದಾಗಿನಿಂದ ಒಂದು ಬಟ್ಟೆಯನ್ನೂ ಒಗೆದವನಲ್ಲ. ಆ ಥಾನಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಕಲ್ಲಿಗೆ ಬಡಿದ. ಹಿಂಡಿದ, ಮತ್ತೆ ಬಡಿದ. ಇಪ್ಪತ್ತು ವರ್ಷದ ಕೆಲಸವನ್ನು ಒಂದು ಗಳಿಗೆಯಲ್ಲಿ ಮುಗಿಸಲು ಹೊರಟಿದ್ದ, ಪಾಪ. ಬಟ್ಟೆ ಹರಿಯಿತು, ಮೆತ್ತಗಾಗಲಿಲ್ಲ. ಒಳಗೆ ಕೂಸಿನ ದನಿ ಸಣ್ಣಗಾಗುತ್ತಿತ್ತು. ಹಿಂದಿನ ಎರಡು ಕೂಸುಗಳೂ ಹೀಗೆಯೇ ದನಿ ಸಣ್ಣಗಾಗಿ ಆಮೇಲೆ ಅಳುವುದನ್ನೇ ನಿಲ್ಲಿಸಿದ್ದವು.

ಅವನು ಬೀದಿಗೆ ಬಿದ್ದ. ಪಕ್ಕದ ಮನೆಯ ಬಾಗಿಲು ಬಡಿದ.

"ಒಂದು ಹಳೇ ಬಟ್ಟೆ ಕೊಡಿ ತಾಯಿ!"

"ಅಯ್ಯೋ, ಹಳೆಯದು ಇಟ್ಟುಕೊಳ್ಳಬಾರದು ಅಂತ ನೀವೇ ಹೇಳಿದ್ದಿರಲ್ಲ! ದೀಪಾವಳಿಗೇ ಪಾತ್ರೆಯವನಿಗೆ ಹಾಕಿಬಿಟ್ಟೆವಲ್ಲ!" ಎಂದು ಆ ಮನೆಯಾಕೆ ಬಾಯಿ ಬಾಯಿ ಬಡಿದುಕೊಂಡಳು.

ಅವಳು ಅಣಕಿಸಿ ಹೇಳಿದ ಮಾತಲ್ಲ ಅದು. ಮರುಕದಿಂದಲೇ ಹೇಳಿದಳು. ಮುಂದಿನ ಮನೆಯಲ್ಲೂ ಅದೇ ಮಾತು, ಅದರಾಚೆಗೂ ಅದೇ. ತಾನು ಊರಿಗೆಲ್ಲ ಮಾರಿದ ಮಾತು ಒಂದೊಂದು ಬಾಗಿಲಿನಿಂದಲೂ ಅವನಿಗೇ ವಾಪಸು ಬರುತ್ತಿತ್ತು. ಬೀದಿ ಮುಗಿಯಿತು. ಬೀದಿಯ ಆಚೆ ಉಳಿದದ್ದು ಮುದುಕಿಯ ಗುಡಿಸಲು.

ಗುಡಿಸಲಿನ ಮುಂದೆ ಹೋಗಿ ನಿಂತ. ಅಂಗಡಿಯ ಮುಂದೆ ಆಡಿದ ಮಾತು ನೆನಪಾಗಿ ತಲೆ ತಗ್ಗಿಸಿದ. ಮುದುಕಿ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ, ಅವನ ಒದ್ದೆ ಪಂಚೆ ನೋಡಿದಳು, ಮುಖ ನೋಡಿದಳು.

"ಹೆರಿಗೆ ಆಯಿತೇನಪ್ಪ?"

"ಆಯಿತು ಅಜ್ಜಿ. ಸುತ್ತಲು ಹಳೇ ಬಟ್ಟೆ ಇಲ್ಲ. ನಮ್ಮ ಮನೆಯಲ್ಲಿ ಒಂದು ಚೂರು ಹಳೇ ಬಟ್ಟೆ ಇಲ್ಲ. ನೀವೇ ಉಳಿಸಿಕೊಡಬೇಕು," ಎಂದು ಅವನು ಅತ್ತುಬಿಟ್ಟ.

ಮುದುಕಿ ಎದ್ದಳು. ಬೇಲಿಯ ಮೇಲಿದ್ದ ಸೀರೆಯನ್ನು ಎಳೆದುಕೊಂಡಳು. ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಚರ್ರನೆ ಉದ್ದಕ್ಕೆ ಹರಿದಳು. ಒಂದು ಗಳಿಗೆಯೂ ಯೋಚಿಸಲಿಲ್ಲ. ಮಡಿಸಿ, ಮತ್ತೆ ಹರಿದಳು. ಅಷ್ಟು ವರ್ಷ ಒಂದೊಂದು ಎಳೆ ಹೊಲಿದು ಉಳಿಸಿಕೊಂಡ ಸೀರೆ ಅವನ ಕಣ್ಣೆದುರು ತುಂಡು ತುಂಡಾಯಿತು. ಅವನು ಗಾಬರಿಯಾದ.

"ಪೂರ್ತಿ ಹರಿಯಬೇಡಿ ಅಜ್ಜಿ! ಒಂದು ತುಂಡು ಸಾಕು. ನಿಮಗೆ ಇರುವುದೇ ಎರಡು."

"ಒಂದು ಒದ್ದೆಯಾದರೆ ಇನ್ನೊಂದು ಬೇಡವೇ? ಕೂಸು ಏನು ನಿನ್ನನ್ನು ಕೇಳಿ ಉಚ್ಚೆ ಹೊಯ್ಯುತ್ತದೆಯೇ? ಗಂಡಸಿಗೆ ಇದೆಲ್ಲ ಎಲ್ಲಿ ತಿಳಿಯಬೇಕು! ಹಿಡಿ, ಓಡು."

ಅವನು ತುಂಡುಗಳನ್ನು ಎದೆಗೆ ಅವುಚಿಕೊಂಡ. ಆಗ ಅವನ ಕೈಗೆ ಗೊತ್ತಾಯಿತು. ಬಟ್ಟೆಯನ್ನೇ ಮುಟ್ಟಿ ಬದುಕಿದ ಕೈ ಅದು. ಅಷ್ಟು ಮೆತ್ತಗಿನದನ್ನು ಅದು ಯಾವತ್ತೂ ಮುಟ್ಟಿರಲಿಲ್ಲ. ಅಂಥದ್ದು ಅವನ ಅಂಗಡಿಯಲ್ಲಿ ಇರಲೇ ಇಲ್ಲ, ಎಲ್ಲಿಂದಲೂ ತರಿಸಲೂ ಆಗುತ್ತಿರಲಿಲ್ಲ. ನೇಯ್ದವನು ಮಗ್ಗದಿಂದ ಇಳಿಸಿಕೊಟ್ಟ ಮೇಲೆ, ಬಿಸಿಲಿನಲ್ಲಿ ನಡೆದು, ಬೆವರಿ, ತೊಳೆದು, ಒಣಗಿಸಿ, ಮತ್ತೆ ಉಟ್ಟು ಈ ಮುದುಕಿಯೇ ಅದನ್ನು ಹಾಗೆ ಮಾಡಿದ್ದಳು.

"ಅಜ್ಜಿ, ನಿಮಗೆ ಅಂಗಡಿಯಿಂದ ಹೊರೆ ಸೀರೆ ಕಳಿಸುತ್ತೇನೆ," ಎಂದ.

"ಹೊರೆ ತೊಗೊಂಡು ನಾನೇನು ಅಂಗಡಿ ಇಡಲೇ? ಒಂದು ಕಳಿಸು. ಉಟ್ಟು ಹಳೆಯದು ಮಾಡಿಕೊಡುತ್ತೇನೆ. ಈ ಕೂಸಿನ ಹಿಂದೆ ಇನ್ನೊಂದು ಬರುತ್ತದಲ್ಲ, ಅದಕ್ಕೆ ಬೇಡವೇ? ನಿಂತೇ ಇದ್ದೀಯಲ್ಲೋ, ಓಡು ಅಂದೆನಲ್ಲ!"

ಅವನು ಓಡಿದ. ಸೂಲಗಿತ್ತಿ ಒಂದು ತುಂಡನ್ನು ಕೆಂಡದ ಮೇಲೆ ಹಿಡಿದು ಬೆಚ್ಚಗೆ ಮಾಡಿ ಕೂಸಿಗೆ ಸುತ್ತಿದಳು. ಕೂಸು ಒಮ್ಮೆ ಬಿಕ್ಕಿತು. ಆಮೇಲೆ ಬಾಯಿ ಚಪ್ಪರಿಸತೊಡಗಿತು. ತಾಯಿಯ ಪಕ್ಕ ಮಲಗಿಸಿದ ಕೂಡಲೇ ಎದೆ ಹುಡುಕಿ ಹಾಲು ಎಳೆಯಿತು. ವರ್ತಕನಿಗೆ ಆ ಚಪ್ಪರಿಕೆಯ ಸದ್ದು ಬಾಗಿಲ ಆಚೆಯಿಂದ ಕೇಳಿಸಿತು. ಅವನು ಅಲ್ಲೇ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು, ಸಂತೋಷಕ್ಕೆ ಇನ್ನೊಮ್ಮೆ ಅತ್ತ.

ಆಮೇಲೆ ಅವನು ತೀರ ಬದಲಾದ ಎಂದೆಲ್ಲ ನಾನು ಹೇಳಲಾರೆ. ವ್ಯಾಪಾರಿ, ವ್ಯಾಪಾರ ಬಿಡಲಿಲ್ಲ. ಅಪ್ಪನ ಮಾತನ್ನು ಮಾತ್ರ ಮತ್ತೆ ಆಡತೊಡಗಿದ ಎಂದು ಕೇಳಿದ್ದೇನೆ. ಕೂಸು ಉಳಿಯಿತು, ಬೆಳೆಯಿತು, ಮುದುಕಿಯ ಬುಟ್ಟಿಯಿಂದ ಸೊಪ್ಪು ಕದ್ದು ಬೈಸಿಕೊಳ್ಳುವಷ್ಟು ದೊಡ್ಡದಾಯಿತು. ಮುದುಕಿ ಹೊಸ ಸೀರೆಯುಟ್ಟು ಬೈಯುತ್ತಿದ್ದಳು. ಅದರ ಗಂಜಿ ಹೋಗಿ ಒಂದು ಹದಕ್ಕೆ ಬರುವ ಹೊತ್ತಿಗೆ ಆ ಮನೆಯಲ್ಲಿ ಇನ್ನೊಂದು ತೊಟ್ಟಿಲೂ ತೂಗಿತು.

ಗುರುಗಳು ಕತೆ ನಿಲ್ಲಿಸಿದರು.

ಪಂಚಾಕ್ಷರಿಗೆ ಮುದುಕಿ ತುಂಬ ಹಿಡಿಸಿದ್ದಳು. ಅವನ ಕಣ್ಣಂಚು ಒದ್ದೆಯಾಗಿತ್ತು. ಕತೆಯ ಸಾರವೂ ತನಗೆ ಪೂರ್ತಿ ತಿಳಿದುಹೋಯಿತು ಎಂದು ಅವನಿಗೆ ಅನ್ನಿಸಿತು. ಅದು ಅವನಿಗೆ ಬೇಗ ಅನ್ನಿಸುತ್ತಿತ್ತು.

"ತಿಳಿಯಿತು ಬುದ್ಧಿ," ಎಂದು ಎದ್ದು ಕೈಮುಗಿದ. "ಇನ್ನು ಈ ಕಾವಿಯ ಮಾತು ಎತ್ತುವುದಿಲ್ಲ. ಪೇಟೆಯ ಜನರಿಗೂ ಮೊದಲ ದಿನ ಇದೇ ಕತೆ ಹೇಳುತ್ತೇನೆ. ನಾಳೆ ಹೊರಡಲು ಅಪ್ಪಣೆಯೇ?"

ಗುರುಗಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ಪ್ರೀತಿಯಿಂದ ನೋಡಿದರು. ಹತ್ತಿರ ಕರೆದು ಅವನ ಹೆಗಲ ಮೇಲೆ ಕೈಯಿಟ್ಟರು.

"ನಿನ್ನ ಗಂಜಿಯೇ ಇನ್ನೂ ಹೋಗಿಲ್ಲವಲ್ಲೋ ಮಗನೇ, ಈಗಲೇ ಯಾರ ಕೂಸನ್ನು ಸುತ್ತಲು ಹೊರಟೆ?"