ಕಾಗಕ್ಕ ಕಲಿತ ಕಳ್ಳರಾಟ

ಮೊಟ್ಟೆಗಳಿಗೆ ಕಾವು ಕೊಟ್ಟು ಕೊಟ್ಟು ಬೇಸತ್ತಿದ್ದ ಕಾಗಕ್ಕನನ್ನು ಗಂಡು ಕೋಗಿಲೆ ಪಕ್ಕದ ಕೊಂಬೆಗೆ ಇಸ್ಪೀಟಾಡಲು ಕರೆಯಿತು.

“ಇದು ಕಳ್ಳರಾಟ, ಕಾಗಕ್ಕ. ನನ್ನ ಕಟ್ಟಿನ ಮೇಲಿರುವ ಎಲೆಗೆ ಜೋಡಿ ನಿಮ್ಮ ಕೈಯಲ್ಲಿದ್ದರೆ ಇಡೀ ಕಟ್ಟನ್ನೇ ಕದಿಯಬಹುದು.”

“ಜೋಡಿ ಇಲ್ಲದೆ ಕದ್ದರೆ?”

“ಛೆ, ಅದು ಅನ್ಯಾಯ.”

“ಗೆಲ್ಲುವ ಉಪಾಯ?”

“ನನ್ನ ಕಟ್ಟಿನ ಮೇಲಿಂದ ಕಣ್ಣು ತೆಗೆಯಬೇಡಿ. ಅತ್ತಿತ್ತ ನೋಡಿದವರು ಕೆಟ್ಟರು.”

ಕಾಗಕ್ಕ ಕಣ್ಣು ತೆಗೆಯಲಿಲ್ಲ. ಹಿಂದೆ ತನ್ನ ಗೂಡಿನಲ್ಲಿ ಏನೋ ಸರಸರ ಎಂದಾಗಲೂ ತಿರುಗಲಿಲ್ಲ. ಮೂರು ಆಟ ಆಡಿ ಮೂರನ್ನೂ ಗೆದ್ದಳು. ಕೋಗಿಲೆ ಸೋಲೊಪ್ಪಿಕೊಂಡು, ಹೆಂಡತಿ ಕರೆಯುತ್ತಿದ್ದಾಳೆಂದು ಹಾರಿಹೋಯಿತು.

ಕಾಗಕ್ಕ ಗೂಡಿಗೆ ಬಂದು ನೋಡಿದರೆ, ಬೆಳಿಗ್ಗೆ ಮೂರಿದ್ದ ಮೊಟ್ಟೆ ನಾಲ್ಕಾಗಿತ್ತು.

“ಗೆಲ್ಲುವ ದಿನ ಬಂದರೆ ಗೂಡಿಗೂ ಬರಕತ್ತು,” ಎಂದುಕೊಂಡು ನಾಲ್ಕಕ್ಕೂ ಕಾವು ಕೊಡಲು ಕೂತಳು.