ಮಾಸ್ತರರ ಸೋಮವಾರದ ಮೌನ

ಪೂಜ್ಯ ಶ್ರೀ ನಿರಂಜನಯ್ಯ ಶಿವಯೋಗಿಗಳು ಆ ದಿನಗಳಲ್ಲಿ ಮಲಪ್ರಭೆಯ ದಂಡೆಯ ಒಂದು ಮಣ್ಣಿನ ಕೋಣೆಯಲ್ಲಿ ವಾಸವಾಗಿದ್ದರು. ಪೂಜೆ ಮುಗಿದ ಮೇಲೆ ಪುಂಡಿನಾರಿನ ಹಗ್ಗ ಹೊಸೆದು ಊರ ರೈತರಿಗೆ ಕೊಡುವುದೇ ಅವರ ಕಾಯಕ.

ಒಂದು ಸೋಮವಾರ ಅಲ್ಲಿಗೆ ನಿವೃತ್ತ ಶಾಲಾ ಮಾಸ್ತರರಾದ ಈರಸಂಗಪ್ಪನವರು ಬಂದರು. ಹನ್ನೊಂದು ವರ್ಷಗಳಿಂದ ಸೋಮವಾರದ ಮೌನವ್ರತ ಹಿಡಿದವರು. ಆ ದಿನ ಸಿಡಿಲು ಬಡಿದರೂ ತುಟಿ ಪಿಟಕ್ಕೆನ್ನುವವರಲ್ಲ. ಹೇಳಬೇಕಾದ್ದನ್ನೆಲ್ಲ ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸುತ್ತಿದ್ದರು. ಮನೆಯವರ ಪಾಲಿಗೆ ಆ ಪಾಟಿ ಬಾಯಿಗಿಂತ ಬಿರುಸು ಎನ್ನುವುದೊಂದು ಅವರಿಗೆ ತಿಳಿದಿರಲಿಲ್ಲ.

ಹಿಂದಿನ ಸೋಮವಾರ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು, 'ನಿನ್ನ ತವರಿನವರು ಇಷ್ಟೂ ಕಲಿಸಲಿಲ್ಲವೇ?' ಎಂದು ಬರೆದು ನೆಂಟರೆದುರೇ ಎತ್ತಿ ಹಿಡಿದಿದ್ದರು. ಸೊಸೆ ಗೌರವ್ವ ಈ ಮನೆಗೆ ಬಂದ ಮೇಲೆ ಅವರಿಂದಲೇ ಓದಲು ಕಲಿತವಳು. ಓದಿಕೊಂಡಳು. ಸಂಜೆಯೊಳಗೆ ತವರಿಗೆ ಹೊರಟುಹೋದಳು. ಗಂಡ ಎರಡು ಸಲ ಹೋಗಿ ಕರೆದರೂ ಬರಲಿಲ್ಲ.

ಮಾಸ್ತರರು ತಮ್ಮ ಅಳಲನ್ನೆಲ್ಲ ಬರೆದು ಪೂಜ್ಯರ ಮುಂದಿಟ್ಟರು. ತಾವು ನಾಲಿಗೆಯನ್ನು ಗೆದ್ದವರು, ಒಂದು ಮಾತೂ ಆಡಿಲ್ಲ, ಆದರೂ ಸೊಸೆ ಮುನಿದಿದ್ದಾಳೆ; ಪೂಜ್ಯರು ಹೇಳಿ ಕಳಿಸಿದರೆ ಬಂದಾಳು.

ಶಿವಯೋಗಿಗಳು ಹಗ್ಗವನ್ನು ಬದಿಗಿಟ್ಟು ನಿಧಾನವಾಗಿ ಓದಿದರು. ಸಣ್ಣಗೆ ನಕ್ಕರು.

"ಮಾಸ್ತರ್ರ, ನಾಲಿಗಿ ಕಟ್ಟಿ ಬೆರಳಿಗೆ ಬಾಯಿ ಕೊಟ್ಟೀರಿ. ಸಿಟ್ಟು ಎಲ್ಲಿಂದ ಹೊರಗ ಬಿದ್ರೇನು?"

ಮಾಸ್ತರರ ಹನ್ನೊಂದು ವರ್ಷದ ಹೆಮ್ಮೆ ಒಂದೇ ಗಳಿಗೆಯಲ್ಲಿ ಇಳಿದುಹೋಯಿತು. ತಮಗೆ ವಿಷಮಜ್ವರ ಬಂದಾಗ ಆ ಹುಡುಗಿ ಹದಿನೆಂಟು ದಿನ ನಿದ್ದೆಗೆಟ್ಟು ಗಂಜಿ ಕುಡಿಸಿದ್ದು ನೆನಪಾಗಿ ಕಣ್ಣು ತುಂಬಿದವು. ಅದನ್ನೇ ಬರೆಯತೊಡಗಿದರು. ಎರಡು ಸಾಲು ಓದಿದ ಪೂಜ್ಯರು ಅವರ ಕೈ ಹಿಡಿದರು.

"ಇದನ್ನ ಬರೀಬ್ಯಾಡ್ರಿ. ಆಕಿ ಮುಂದ ಬಾಯ್ಲೆ ಹೇಳ್ರಿ. ಇವತ್ತ ಹೇಳ್ರಿ."

ವ್ರತ ಮುರಿಯುತ್ತದಲ್ಲ ಎಂದು ಮಾಸ್ತರರು ಕೇಳಲೂ ಇಲ್ಲ. ಎರಡು ಹರಿದಾರಿ ನಡೆದು ಬೀಗರ ಅಂಗಳ ಸೇರಿದರು. ಅಲ್ಲಿ ಕುಳಿತಿದ್ದ ಜನರೆದುರು ಜ್ವರದ ದಿನಗಳನ್ನೆಲ್ಲ ಬಾಯಿಬಿಟ್ಟು ಹೇಳಿ, ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಕೈ ಮುಗಿದರು.

"ತಪ್ಪಾತು, ಯವ್ವಾ."

ಗೌರವ್ವ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ತುಂಬಿದ ತಂಬಿಗೆ ಹಿಡಿದು ಹೊರಗೆ ಬಂದಳು.

"ಕಾಲಿಗೆ ನೀರು ತಗೋರಿ, ಮಾವಾರ. ಉಂಡು ಮನಿಗೆ ಹೋಗೂಣು."